ಹೇಳಿಕೊಟ್ಟದ್ದಾ, ಮಾಡಿಕೊಟ್ಟದ್ದಾ?

ಮೊದಲೇ ಒಂದು ಮಾತು ಹೇಳಿಬಿಡ್ತೇನೆ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ತುಳು, ಬಸ್ಸಿನಲ್ಲಿ ಕನ್ನಡ, ಪರೀಕ್ಷೆಯಲ್ಲಿ ಇಂಗ್ಲಿಷ್. ಪಿಯುಸಿಯಲ್ಲಿ ಮಾರ್ಕ್ ಸಿಗ್ತದೆ ಅಂತ ಸಂಸ್ಕೃತ ತಗೊಂಡವ. ಹಾಗಾಗಿ ಕನ್ನಡದಲ್ಲಿ ಒಂದು ಪುಟಕ್ಕಿಂತ ಜಾಸ್ತಿ ಬರೆಯುವುದು ಹತ್ತನೇ ಕ್ಲಾಸಿನ ನಂತರ ಇದೇ ಮೊದಲು. ಒತ್ತಕ್ಷರ, ಮಹಾಪ್ರಾಣ ಎಲ್ಲ ನಮ್ಮ ಸಂಘದ ಎಡಿಟರ್ ಅಕ್ಕ ಸರಿ ಮಾಡಿದ್ದಾರೆ. ಉಳಿದ ತಪ್ಪುಗಳು ನನ್ನವು, ಹೊಟ್ಟೆಗೆ ಹಾಕಿಕೊಳ್ಳಿ.

ಬರೆಯಲು ಹೊರಟಿರುವುದು ಫಿಸಿಕ್ಸ್ ಹೋಮ್‌ವರ್ಕಿನ ಬಗ್ಗೆ. ಓದದೆ ಮುಂದೆ ಹೋಗಬೇಡಿ ಮಾರಾಯ್ರೆ, ಇದರಲ್ಲಿ ಇಂಟಿಗ್ರೇಷನ್ ಇಲ್ಲ. ಒಂದು ಬಾವಿ, ಒಂದು ಕೊಡಪಾನ, ಚಿಕ್ಕಮ್ಮನ ಒಂದು ಬೈಗುಳ ಇದೆ, ಅಷ್ಟೆ.

ನನ್ನ ಮನೆ ಬಂಟ್ವಾಳ. ಓದುವುದು ಇಲ್ಲಿ, ಮೂಡುಬಿದಿರೆಯಲ್ಲಿ. ಚಿಕ್ಕಮ್ಮನ ಮನೆ ಬೆಳ್ತಂಗಡಿ ತಾಲೂಕಿನ ವೇಣೂರಿನ ಹತ್ತಿರ. ಚಿಕ್ಕಮ್ಮನ ಮಗಳು ಈಗ ಫಸ್ಟ್ ಪಿಯುಸಿ ಸೈನ್ಸ್. ಲೇಖನದಲ್ಲಿ ತನ್ನ ಹೆಸರು ಹಾಕಬಾರದು ಅಂತ ಕಂಡೀಷನ್ ಹಾಕಿದ್ದಾಳೆ, ಹಾಗಾಗಿ ತಂಗಿ ಅಂತಲೇ ಬರೀತೇನೆ. ಒಂದರಿಂದ ಹತ್ತರವರೆಗೆ ಕನ್ನಡ ಮೀಡಿಯಂ ಸರ್ಕಾರಿ ಶಾಲೆಯಲ್ಲಿ ಓದಿದವಳು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ 90ರ ಮೇಲೆ ಬಂದಿತ್ತು. ಮನೆಯಲ್ಲಿ ಎಲ್ಲರಿಗೂ ಖುಷಿ. ಸೈನ್ಸ್ ತಗೊಳ್ಳಲಿ, ಡೌಟ್ ಬಂದರೆ ಅಣ್ಣ ಇದ್ದಾನಲ್ಲ ಅಂದರು. ಆ ಅಣ್ಣ ಅಂದರೆ ನಾನು.

ಜೂನ್ ಕೊನೆಯಿಂದ ಮೆಸೇಜ್ ಶುರುವಾಯ್ತು. ರಾತ್ರಿ ಊಟ ಆದ ಮೇಲೆ ಚಿಕ್ಕಮ್ಮನ ಮೊಬೈಲಿನಿಂದ ಪುಸ್ತಕದ ಒಂದು ಫೋಟೋ, ಅದರ ಕೆಳಗೆ ‘ಅಣ್ಣ, ಇದು ಬರ್ತಿಲ್ಲ.’ ನಾನು ಹಾಸ್ಟೆಲಿನ ಮಂಚದ ಮೇಲೆ ಕೂತು ಐದು ನಿಮಿಷದಲ್ಲಿ ರಫ್ ಶೀಟಿನಲ್ಲಿ ಮಾಡಿ, ಫೋಟೋ ತೆಗೆದು ಕಳಿಸ್ತಿದ್ದೆ. ‘ಥ್ಯಾಂಕ್ಸ್ ಅಣ್ಣ’ ಅಂತ ಬರ್ತಿತ್ತು, ಜೊತೆಗೆ ಕೈ ಮುಗಿಯುವ ಇಮೋಜಿ. ನನಗೆ ಪಾಪ, ಎಷ್ಟೋ ದೊಡ್ಡ ಜನ ಆದ ಹಾಗೆ ಅನಿಸ್ತಿತ್ತು. ನನ್ನ ಸ್ವಂತ ಅಸೈನ್‌ಮೆಂಟ್ ಬಾಕಿ ಇದ್ದರೂ ಅವಳದ್ದು ಮೊದಲು ಮುಗಿಸ್ತಿದ್ದೆ. ಸುಳ್ಳು ಯಾಕೆ ಹೇಳಬೇಕು, ಕೆಲವು ಸಲ ನಾನೂ ಮಾಡಲಿಲ್ಲ. ಮೊಬೈಲಿನ ಎಐಗೆ ಫೋಟೋ ಹಾಕಿದೆ, ಅದು ಬರೆದದ್ದನ್ನು ನನ್ನ ಅಕ್ಷರದಲ್ಲಿ ನಕಲು ಮಾಡಿ ಕಳಿಸಿದೆ.

ಸೆಪ್ಟೆಂಬರಿನಲ್ಲಿ ಒಂದು ದಿನ ಚಿಕ್ಕಮ್ಮನ ಫೋನ್ ಬಂತು. ಟೆಸ್ಟಿನಲ್ಲಿ ಅವಳಿಗೆ 25ಕ್ಕೆ 4. ಹೋಮ್‌ವರ್ಕ್ ಪುಸ್ತಕದಲ್ಲಿ ಎಲ್ಲ ರೈಟ್, ಟೆಸ್ಟಿನಲ್ಲಿ 4. ಲೆಕ್ಚರರ್ ಎರಡನ್ನೂ ಮುಂದೆ ಇಟ್ಟು ‘ಇದು ಯಾರು ಬರೆದದ್ದು?’ ಅಂತ ಕೇಳಿದರಂತೆ. ಇವಳು ಮನೆಗೆ ಬಂದು ಬಾಗಿಲು ಹಾಕಿಕೊಂಡವಳು ಮಾತಾಡಲಿಲ್ಲವಂತೆ. ಆಮೇಲೆ ರಾತ್ರಿ, ಈ ವರ್ಷ ಹೀಗೇ ಹೋಗಲಿ, ಬರುವ ವರ್ಷ ಸೈನ್ಸ್ ಬಿಟ್ಟು ಬೇರೆ ಕಡೆ ಕಾಮರ್ಸಿಗೆ ಸೇರ್ತೇನೆ, ತನಗೆ ತಲೆ ಇಲ್ಲ ಅಂದಳಂತೆ.

ಕಾಮರ್ಸಿಗೆ ಹೋಗುವುದರಲ್ಲಿ ತಪ್ಪೇನೂ ಇಲ್ಲ. ನನಗೆ ತಾಗಿದ್ದು ಕೊನೆಯ ಮಾತು.

ಚಿಕ್ಕಮ್ಮ ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ನೀನು ಅವಳಿಗೆ ಹೇಳಿಕೊಟ್ಟದ್ದಾ, ಮಾಡಿಕೊಟ್ಟದ್ದಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂದರೆ, ಉತ್ತರ ಗೊತ್ತಿತ್ತು.

ಆ ಶನಿವಾರ ಮಧ್ಯಾಹ್ನ ಲ್ಯಾಬ್ ಮುಗಿಸಿ ವೇಣೂರಿನ ಬಸ್ಸು ಹತ್ತಿದೆ. ಮಳೆ ಜೋರು. ಬ್ಯಾಗಿನಲ್ಲಿ ನನ್ನ ಪಿಯುಸಿಯ ಫಿಸಿಕ್ಸ್ ನೋಟ್ಸ್ ಇತ್ತು. ದಾರಿಯುದ್ದಕ್ಕೂ ಎರಡು ದಿನದಲ್ಲಿ ಇಡೀ ‘ಲಾಸ್ ಆಫ್ ಮೋಷನ್’ ಮುಗಿಸಿಬಿಡುವ ಪ್ಲಾನ್ ಹಾಕ್ತಿದ್ದೆ.

ಆ ಪ್ಲಾನ್ ಮೊದಲ ಲೆಕ್ಕದಲ್ಲೇ ಹಾಳಾಯ್ತು.

ಪುಸ್ತಕದಲ್ಲಿದ್ದ ಲೆಕ್ಕ ಹೀಗೆ: 8 ಕೆಜಿಯ ಒಂದು ವಸ್ತುವನ್ನು ‘ಸ್ಮೂತ್ ಪುಲ್ಲಿ’ಯ ಮೇಲೆ ಹಾದುಹೋಗುವ ‘ಲೈಟ್ ಇನೆಕ್ಸ್‌ಟೆನ್ಸಿಬಲ್ ಸ್ಟ್ರಿಂಗ್’ನಿಂದ ‘ಯೂನಿಫಾರ್ಮ್ ವೆಲಾಸಿಟಿ’ಯಲ್ಲಿ ಮೇಲೆತ್ತುತ್ತಾರೆ. ‘ಟೆನ್ಶನ್’ ಎಷ್ಟು? ನಾನು ಇದನ್ನೇ ಎರಡು ವಾರದ ಹಿಂದೆ ಮಾಡಿ ಕಳಿಸಿದ್ದೆ. ಟಿ ಮೈನಸ್ ಎಂಜಿ ಈಕ್ವಲ್ಸ್ ಎಂಎ, ಎ ಸೊನ್ನೆ, ಹಾಗಾಗಿ ಟಿ ಅಂದರೆ 8 ಇಂಟು 9.8, ಅಂದರೆ 78.4 ನ್ಯೂಟನ್. ಮೂರು ಸಾಲು.

“ಎಲ್ಲಿ ಅರ್ಥ ಆಗ್ಲಿಲ್ಲ ಹೇಳು” ಅಂದೆ.

ಅವಳು ತುಂಬ ಹೊತ್ತು ಪುಸ್ತಕ ನೋಡಿದಳು. “ಅಣ್ಣ, ನಗಬಾರ್ದು ಆಯ್ತಾ? ಬಾವಿಯಿಂದ ನೀರೆತ್ತುವುದಕ್ಕೆ ಲೈಟಿನ ಸ್ಟ್ರಿಂಗ್ ಯಾಕೆ?”

ನನಗೆ ಮೊದಲು ಪ್ರಶ್ನೆಯೇ ಗೊತ್ತಾಗಲಿಲ್ಲ. ಆಮೇಲೆ ಹೊಳೆಯಿತು. ‘ಲೈಟ್ ಸ್ಟ್ರಿಂಗ್’ ಅಂದರೆ ಮದುವೆ ಮನೆಗೆ, ದೀಪಾವಳಿಗೆ ಹಾಕ್ತಾರಲ್ಲ, ಆ ಸೀರಿಯಲ್ ಸೆಟ್ ಅಂತ ಅವಳು ತಿಳಿದುಕೊಂಡಿದ್ದಳು. ಲೈಟ್ ಅಂದರೆ ಬೆಳಕು ಅಂತಲೇ ಗೊತ್ತು, ಹಗುರ ಅಂತಲೂ ಅರ್ಥ ಇದೆ ಅಂತ ಯಾರೂ ಹೇಳಿರಲಿಲ್ಲ. ‘ಯೂನಿಫಾರ್ಮ್’ ಅಂದರೆ ಅವಳಿಗೆ ನೀಲಿ ಚೂಡಿದಾರ್. ‘ಟೆನ್ಶನ್’ ಅಂದರೆ ಪರೀಕ್ಷೆಯ ಹಿಂದಿನ ರಾತ್ರಿ ಆಗುವಂಥದ್ದು. ಹಗ್ಗಕ್ಕೆ ಎಂಥ ಟೆನ್ಶನ್?

ನಾನು ನಗಲಿಲ್ಲ. ನಗು ಬರಲೂ ಇಲ್ಲ. ಮೂರು ತಿಂಗಳು ಅವಳು ಕಳಿಸಿದ ಎಲ್ಲ ಫೋಟೋಗಳ ಹಿಂದೆ ಇಂಥ ಪ್ರಶ್ನೆಗಳೇ ಇದ್ದವು. ನಾನು ಒಂದು ಸಲವೂ ‘ಎಲ್ಲಿ ನಿಂತೆ?’ ಅಂತ ಕೇಳಿರಲಿಲ್ಲ. ಅವಳಿಗೆ ಕ್ಲಾಸಿನಲ್ಲಿ ಕೈ ಎತ್ತಿ ‘ಸರ್, ಲೈಟ್ ಅಂದರೆ ಏನು?’ ಅಂತ ಕೇಳಲು ನಾಚಿಕೆ. ಅರವತ್ತು ಜನ ನಗ್ತಾರೆ. ನನಗೆ ಕೇಳಲೂ ನಾಚಿಕೆ, ಯಾಕೆಂದರೆ ನಾನು ಐದು ನಿಮಿಷದಲ್ಲಿ ಉತ್ತರ ಕಳಿಸುವ ದೊಡ್ಡ ಜನ.

ಆ ಸಂಜೆ ಒಂದು ಹಳೆ ಡೈರಿ ತಗೊಂಡು ಎರಡು ಕಾಲಂ ಮಾಡಿದೆವು. ಲೈಟ್: ಹಗುರ, ಅಂದರೆ ಅದರ ಭಾರ ಲೆಕ್ಕಕ್ಕಿಲ್ಲ. ಇನೆಕ್ಸ್‌ಟೆನ್ಸಿಬಲ್: ಎಳೆದರೂ ಉದ್ದ ಆಗದ್ದು. ಸ್ಮೂತ್: ನುಣುಪು, ಅಂದರೆ ಘರ್ಷಣೆ ಇಲ್ಲ. ಅಟ್ ರೆಸ್ಟ್: ಅಲ್ಲಾಡದೆ ನಿಂತದ್ದು. ಯೂನಿಫಾರ್ಮ್: ಒಂದೇ ಸಮ. ಟೆನ್ಶನ್: ಹಗ್ಗದ ಎಳೆತ. ಪುಲ್ಲಿ: ರಾಟೆ.

“ರಾಟೆಯಾ?” ಅಂದಳು. “ನಮ್ಮ ಬಾವಿದ್ದಾ?”

ಹೌದು, ನಿಮ್ಮ ಬಾವಿದ್ದೇ.

ಇಲ್ಲಿ ಇನ್ನೊಂದು ವಿಷಯ ಗೊತ್ತಾಯ್ತು. ಕೆಲವು ಪದಗಳಲ್ಲಿ ಅವಳೇ ನನಗಿಂತ ಮುಂದೆ ಇದ್ದಳು. ‘ಡಿಸ್‌ಪ್ಲೇಸ್‌ಮೆಂಟ್’ ಅಂದಾಗ ನಾನು ಡೆಫಿನಿಷನ್ ಬಾಯಿಪಾಠ ಹೇಳಿದೆ. ಅವಳು “ಓ, ಸ್ಥಾನಪಲ್ಲಟ” ಅಂದಳು. ಆ ಪದದಲ್ಲೇ ಅರ್ಥ ಇದೆಯಲ್ಲ! ಸ್ಥಾನ ಎಷ್ಟು ಬದಲಾಯ್ತು ಅಂತ ನೋಡಿದರೆ ಆಯ್ತು, ಯಾವ ದಾರಿಯಲ್ಲಿ ಹೋದ್ರಿ ಅಂತ ಅಲ್ಲ. ನಾನು ಆ ಶನಿವಾರ ಮೂಡುಬಿದಿರೆಯಿಂದ ವೇಣೂರು, ಭಾನುವಾರ ಅಲ್ಲಿಂದ ಗುರುವಾಯನಕೆರೆ, ಮಡಂತ್ಯಾರು ದಾರಿಯಾಗಿ ಬಂಟ್ವಾಳದ ಮನೆ, ಸೋಮವಾರ ಬೆಳಿಗ್ಗೆ ಸಿದ್ಧಕಟ್ಟೆ ಮೇಲೆ ಪುನಃ ಮೂಡುಬಿದಿರೆ. ಇಡೀ ಒಂದು ತ್ರಿಕೋನ. ಬಸ್ಸಿಗೆ ಕೊಟ್ಟ ದುಡ್ಡು ಚಲಿಸಿದ ದೂರಕ್ಕೆ, ಸ್ಥಾನಪಲ್ಲಟ ಮಾತ್ರ ಸೊನ್ನೆ. ಹಾಗೆಯೇ ಆಕ್ಸಲರೇಷನ್ನಿಗೆ ವೇಗೋತ್ಕರ್ಷ, ಇನರ್ಶಿಯಕ್ಕೆ ಜಡತ್ವ, ಮೊಮೆಂಟಮ್ಮಿಗೆ ಸಂವೇಗ. ಇದೆಲ್ಲ ಹೈಸ್ಕೂಲಿನಲ್ಲೇ ಅವಳಿಗೆ ಗೊತ್ತಿತ್ತು. ಫಿಸಿಕ್ಸ್ ಗೊತ್ತಿಲ್ಲದ ಹುಡುಗಿ ಅಲ್ಲ ಅವಳು. ಗೊತ್ತಿದ್ದ ಫಿಸಿಕ್ಸಿಗೆ ಒಂದು ಜೂನ್ ತಿಂಗಳಲ್ಲಿ ಎಲ್ಲ ಹೆಸರೂ ಬದಲಾಗಿತ್ತು.

ಇಷ್ಟರವರೆಗೆ ಕಥೆಯಲ್ಲಿ ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ನನಗೆ ಫಿಸಿಕ್ಸ್ ಬರ್ತದೆ. ಭಾನುವಾರ ಬೆಳಿಗ್ಗೆ ಅದೂ ಉಲ್ಟಾ ಆಯ್ತು.

ಚಿಕ್ಕಮ್ಮನ ಮನೆ ಬಾವಿಗೆ ಪಂಪ್ ಇದೆ. ಆದರೆ ಮಳೆಗಾಲದಲ್ಲಿ ಕರೆಂಟಿನ ಭರವಸೆ ಇಲ್ಲ, ಹಾಗಾಗಿ ರಾಟೆ, ಹಗ್ಗ, ಕೊಡಪಾನ ಎಲ್ಲ ಹಾಗೇ ಉಂಟು. ತಂಗಿ ಎರಡು ಕೊಡ ನೀರು ಎತ್ತಿ, ಹಗ್ಗ ಹಿಡಿದುಕೊಂಡೇ ಕೇಳಿದಳು: “ಅಣ್ಣ, ಕೊಡಪಾನ ಒಂದೇ ಸಮ ವೇಗದಲ್ಲಿ ಮೇಲೆ ಬರ್ತಾ ಉಂಟು. ಹಗ್ಗದ ಎಳೆತ ಜಾಸ್ತಿಯಾ, ಕೊಡದ ಭಾರ ಜಾಸ್ತಿಯಾ?”

“ಎಳೆತ ಜಾಸ್ತಿ. ಮೇಲೆ ಬರಬೇಕಾದ್ರೆ ಭಾರಕ್ಕಿಂತ ಜಾಸ್ತಿ ಎಳೀಲೇಬೇಕಲ್ಲ.”

ಅವಳು ಒಳಗೆ ಹೋಗಿ ಚಿಕ್ಕಮ್ಮನ ಮೊಬೈಲ್ ತಂದಳು. ನಾನೇ ಕಳಿಸಿದ ಫೋಟೋ ತೆಗೆದಳು. “ಇಲ್ಲಿ ಎರಡೂ ಸಮ ಅಂತ ಬರೆದಿದ್ದೀಯಲ್ಲ. 78.4. ಯಾವುದು ಸರಿ?”

ಯಾವುದು ಸರಿ? ನನ್ನ ಅಕ್ಷರದಲ್ಲಿದ್ದದ್ದು ಸರಿ, ನನ್ನ ಬಾಯಲ್ಲಿ ಬಂದದ್ದು ತಪ್ಪು. ಸಿಇಟಿ ಬರೆದು, ಫಸ್ಟ್ ಇಯರಿನ ಫಿಸಿಕ್ಸ್ ಪಾಸಾಗಿ, ಒಂದು ಹುಡುಗಿಗೆ ಮೂರು ತಿಂಗಳು ‘ಪಾಠ’ ಮಾಡಿದ ನಾನು ನ್ಯೂಟನ್ನಿನ ಮೊದಲನೆಯ ನಿಯಮದಲ್ಲೇ ಬಿದ್ದಿದ್ದೆ. ಎ ಸೊನ್ನೆ ಅಂತ ಹಾಕಿದರೆ ಉತ್ತರ ಬರ್ತದೆ ಅಂತ ಗೊತ್ತಿತ್ತು. ಎ ಸೊನ್ನೆ ಅಂದರೆ ಏನು ಅಂತ ನನಗೂ ಯಾರೂ ಕೇಳಿರಲಿಲ್ಲ. ಅವಳಿಗೆ ಪ್ರಶ್ನೆಯ ಪದ ಗೊತ್ತಿರಲಿಲ್ಲ. ನನಗೆ ಉತ್ತರದ ಅರ್ಥವೇ ಗೊತ್ತಿರಲಿಲ್ಲ.

ಈಗ ಇಬ್ಬರಿಗೂ ಹೋಮ್‌ವರ್ಕ್.

ಚಿಕ್ಕಪ್ಪ ರಬ್ಬರ್ ಶೀಟ್, ಕಾಳುಮೆಣಸು ತೂಗಲು ಇಟ್ಟುಕೊಂಡ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಇತ್ತು. ಅದರ ಕೊಕ್ಕೆಗೆ ಬಕೆಟ್ ಸಿಕ್ಕಿಸಿ, ಸರಿಯಾಗಿ 8 ಕೆಜಿ ತೋರಿಸುವಷ್ಟು ನೀರು ಹಾಕಿದೆವು. ನಾನು ಕಟ್ಟೆಯ ಮೇಲೆ ನಿಂತು ತಕ್ಕಡಿಯ ಮೇಲಿನ ಬಳೆ ಹಿಡಿದು ಬಕೆಟನ್ನು ನೆಲದಿಂದ ಸೊಂಟದವರೆಗೆ ಎತ್ತುವುದು, ತಂಗಿ ಮುಳ್ಳಿನ ಸ್ಲೋ ಮೋಷನ್ ವೀಡಿಯೋ ತೆಗೆಯುವುದು. ಮೊದಲ ಐದಾರು ಸಲ ಮುಳ್ಳು ಕುಣಿದದ್ದೇ ಕುಣಿದದ್ದು, ಏನೂ ಕಾಣಲಿಲ್ಲ. ನನ್ನ ಪ್ಯಾಂಟ್ ಒದ್ದೆ. ಚಿಕ್ಕಮ್ಮ ಅಡುಗೆ ಮನೆ ಕಿಟಕಿಯಿಂದ “ಇದು ಎಂತ ಓದುವುದು?” ಅಂತ ಕೇಳಿದರು. ಆಮೇಲೆ ನಿಧಾನಕ್ಕೆ ಎತ್ತುವ ಹದ ಬಂತು.

ವೀಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಎತ್ತಲು ಶುರು ಮಾಡಿದ ಗಳಿಗೆಗೆ ಮುಳ್ಳು 9ರ ಹತ್ತಿರ ಹೋಗ್ತದೆ. ಮಧ್ಯದಲ್ಲಿ, ಬಕೆಟ್ ಮೇಲೆ ಹೋಗ್ತಾ ಇರುವಾಗಲೇ, 8ರ ಆಸುಪಾಸಿಗೆ ಬಂದು ನಿಲ್ತದೆ. ಕೈ ನಿಲ್ಲಿಸುವಾಗ 7ಕ್ಕೆ ಇಳೀತದೆ. ಆಮೇಲೆ ಪುನಃ 8.

ತಂಗಿ ನನಗಿಂತ ಮೊದಲು ಹೇಳಿದಳು. “ಜಾಸ್ತಿ ಎಳೆತ ಬೇಕಾದ್ದು ಹೊರಡ್ಲಿಕ್ಕೆ. ಹೋಗ್ತಾ ಇರ್ಲಿಕ್ಕೆ ಅಲ್ಲ.”

ಅಷ್ಟೇ. ಇದನ್ನೇ ಪುಸ್ತಕ ಹೇಳುವುದು. ವೇಗ ಇದ್ದರೆ ಬಲ ಇದೆ ಅಂತ ಅಲ್ಲ, ವೇಗ ಬದಲಾಗ್ತಾ ಇದ್ದರೆ ಮಾತ್ರ ಲೆಕ್ಕದಲ್ಲಿ ಉಳಿಯುವ ಬಲ ಇದೆ. ಮುಳ್ಳು 9 ತೋರಿಸಿದ ಗಳಿಗೆಯ ವೇಗೋತ್ಕರ್ಷವನ್ನೂ ಕಂಡುಹಿಡಿದೆವು. ಒಂದು ಕೆಜಿಯಷ್ಟು ಹೆಚ್ಚಿನ ಎಳೆತ ಅಂದರೆ 9.8 ನ್ಯೂಟನ್, ಅದನ್ನು 8 ಕೆಜಿಯಿಂದ ಭಾಗಿಸಿದರೆ ಸೆಕೆಂಡಿಗೆ ಸೆಕೆಂಡಿಗೆ 1.2 ಮೀಟರಿನಷ್ಟು. ನಮ್ಮ ಕೈಯ ವೇಗೋತ್ಕರ್ಷ! ಮಂಗಳೂರಿನ ಮಾಲಿನ ಲಿಫ್ಟಿನಲ್ಲಿ ಹೊರಡುವಾಗ ಕಾಲಿಗೆ ಭಾರ ಆಗ್ತದೆ, ಮಧ್ಯದಲ್ಲಿ ಏನೂ ಅನಿಸುವುದಿಲ್ಲ, ನಿಲ್ಲುವಾಗ ಹೊಟ್ಟೆಯಲ್ಲಿ ಒಂಥರಾ ಹಗುರ ಆಗ್ತದೆ. ಅದೂ ಇದೇ ಅಂತ ಆಗ ಹೊಳೆಯಿತು. ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಸಲ ಲಿಫ್ಟ್ ಹತ್ತಿದ್ದೇನೋ.

ಚಿಕ್ಕಮ್ಮನದ್ದೂ ಒಂದು ಪ್ರಶ್ನೆ ಬಂತು. ರಾಟೆ ಇದ್ದರೆ ಭಾರ ಕಮ್ಮಿ ಆಗ್ತದಲ್ಲ? ಇಲ್ಲ. ಮೇಲೆ ಕಟ್ಟಿದ ಒಂದೇ ರಾಟೆ ಬಲವನ್ನು ಕಮ್ಮಿ ಮಾಡುವುದಿಲ್ಲ, ದಿಕ್ಕನ್ನು ಮಾತ್ರ ತಿರುಗಿಸ್ತದೆ. ಬಗ್ಗಿ ಮೇಲಕ್ಕೆ ಎಳೆಯುವ ಬದಲು ನಿಂತು ಕೆಳಕ್ಕೆ ಎಳೀತೇವೆ, ನಮ್ಮ ಮೈಭಾರವೂ ಸಹಾಯಕ್ಕೆ ಬರ್ತದೆ, ಅದಕ್ಕೇ ಸುಲಭ ಅನಿಸುವುದು. “ಹಾಗಾದ್ರೆ ನನ್ನ ಭಾರಕ್ಕೂ ಉಪಯೋಗ ಉಂಟು ಅಂತಾಯ್ತು” ಅಂದರು ಚಿಕ್ಕಮ್ಮ.

ಮಧ್ಯಾಹ್ನ ಪುಸ್ತಕ ಮುಚ್ಚಿ ನಾವೇ ಲೆಕ್ಕ ಮಾಡಿಕೊಂಡೆವು. ಪುಸ್ತಕದಲ್ಲಿ ಯಾವಾಗಲೂ ಒಂದು ಟವರಿನ ಮೇಲಿಂದ ಕಲ್ಲು ಬಿಡ್ತಾರೆ. ನಮಗೆ ಟವರ್ ಎಲ್ಲಿಂದ? ವೇಣೂರಿನಲ್ಲಿ 35 ಅಡಿಯ ಗೊಮ್ಮಟ ಇದ್ದಾನಲ್ಲ, 1604ರಲ್ಲಿ ನಿಲ್ಲಿಸಿದ್ದು. ಆ ಎತ್ತರದಿಂದ ಕಲ್ಲು ಬಿಟ್ಟರೆ ಅಂತ ನಾನು ಶುರು ಮಾಡುವಷ್ಟರಲ್ಲಿ ಒಳಗಿನಿಂದ ಬಂತು: “ದೇವರ ತಲೆ ಮೇಲಿಂದ ಕಲ್ಲು ಹಾಕ್ತೀರಾ? ಬುದ್ಧಿ ಉಂಟಾ ಇಬ್ಬರಿಗೂ?” ತಂಗಿಯೇ ದಾರಿ ಹುಡುಕಿದಳು. 2024ರ ಮಹಾಮಸ್ತಕಾಭಿಷೇಕಕ್ಕೆ ಅವಳು ಹೋಗಿದ್ದಳು. ಕಲ್ಲು ಬೇಡ, ಅಭಿಷೇಕದ ನೀರು ಆಗಲಿ. 35 ಅಡಿ ಅಂದರೆ ಸುಮಾರು 10.7 ಮೀಟರ್. ಗಾಳಿಯ ತಡೆ ಇಲ್ಲ, ನೀರು ಎಲ್ಲೂ ತಾಗದೆ ನೇರ ಬೀಳ್ತದೆ ಅಂತ ಇಟ್ಟುಕೊಂಡರೆ ಪಾದಕ್ಕೆ ಬರಲು ಒಂದೂವರೆ ಸೆಕೆಂಡಿಗೆ ಸ್ವಲ್ಪ ಕಮ್ಮಿ. ಚಿಕ್ಕಮ್ಮನಿಗೂ ಸಮಾಧಾನ, ನ್ಯೂಟನ್ನಿಗೂ ಸಮಾಧಾನ.

ಇನ್ನೊಂದು ಕಂಬಳದ್ದು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ನಮ್ಮ ಮೂಡುಬಿದಿರೆ ಕಡೆಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶವಿಡೀ ಸುದ್ದಿ ಆಗಿತ್ತು. 100 ಮೀಟರಿಗೆ ಲೆಕ್ಕ ಹಾಕಿದರೆ 9.56 ಸೆಕೆಂಡ್. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ದಾಖಲೆ 9.58. ನಾನು ಹೈಸ್ಕೂಲಿನಲ್ಲಿದ್ದಾಗ ಈ ಫಾರ್ವರ್ಡನ್ನು ಎಷ್ಟು ಜನರಿಗೆ ಕಳಿಸಿದ್ದೇನೆ ಗೊತ್ತಿಲ್ಲ. ತಂಗಿ ಸರಾಸರಿ ವೇಗ ತೆಗೆದಳು, ಸೆಕೆಂಡಿಗೆ 10.46 ಮೀಟರ್. ಆಮೇಲೆ ಪೆನ್ನು ಕಚ್ಚುತ್ತಾ ಕೇಳಿದಳು: “ಇದು 142 ಮೀಟರಿನ ಸರಾಸರಿ. ಮೊದಲ 100 ಮೀಟರಿಗೆ ಎಷ್ಟು ಹೊತ್ತು ಬೇಕಾಯ್ತು ಅಂತ ಇದರಲ್ಲಿ ಎಲ್ಲಿ ಉಂಟು? ಹೊರಡುವಾಗ ನಿಧಾನ ಇರ್ತದಲ್ಲ. ಮತ್ತೆ ಅವರನ್ನು ಕೋಣಗಳು ಎಳೀತವೆ. ಬೋಲ್ಟನ್ನು ಯಾರು ಎಳೀತಾರೆ?” ಕೋಣಗಳೂ ಚೆನ್ನಾಗಿ ಓಡಿದವು ಅಂತ ಗೌಡರೇ ಹೇಳಿದ್ದು ಪೇಪರಿನಲ್ಲಿ ಬಂದಿತ್ತು. ಕೆಸರುಗದ್ದೆಯಲ್ಲಿ ಅಷ್ಟು ವೇಗದಲ್ಲಿ ಕೋಣಗಳ ಜೊತೆ ಕಾಲು ಹಾಕುವುದು ಯಾರಿಂದಲೂ ಆಗುವ ಕೆಲಸ ಅಲ್ಲ, ಅದು ಬೇರೆಯೇ ಸಾಮರ್ಥ್ಯ. ಆದರೆ ಅದು ಬೇರೆ ಲೆಕ್ಕ. ಬೆಳಿಗ್ಗೆ ಕಲಿತ ಹಗ್ಗದ ಎಳೆತವನ್ನು ಅವಳು ಮಧ್ಯಾಹ್ನ ಕಂಬಳದ ಗದ್ದೆಗೆ ತಗೊಂಡು ಹೋಗಿದ್ದಳು.

ತಲೆ ಇಲ್ಲ ಅಂದವಳು.

ಸಂಜೆ ಹೊರಡುವ ಮೊದಲು ಇಬ್ಬರೂ ಕೂತು ನಿಯಮ ಮಾಡಿಕೊಂಡೆವು. ಒಂದು, ನಾನು ಉತ್ತರದ ಫೋಟೋ ಕಳಿಸುವುದಿಲ್ಲ. ಎರಡು, ಅವಳು ಬರೀ ಪುಸ್ತಕದ ಫೋಟೋ ಕಳಿಸುವ ಹಾಗಿಲ್ಲ. ಚಿತ್ರ ಬಿಡಿಸಿ, ಯಾವ ಯಾವ ಬಲ ಯಾವ ಕಡೆಗೆ ಅಂತ ಬಾಣ ಹಾಕಿ ಕಳಿಸಬೇಕು. ಮೂರು, ಜೊತೆಗೆ ಒಂದು ವಾಯ್ಸ್ ಮೆಸೇಜ್. ಲೆಕ್ಕದಲ್ಲಿ ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ, ತಾನು ಏನು ಮಾಡಿ ನೋಡಿದೆ, ಎಲ್ಲಿ ನಿಂತೆ, ಇಷ್ಟನ್ನು ಕನ್ನಡದಲ್ಲಿ ಹೇಳಬೇಕು. ನಾಲ್ಕು, ನಾನು ತಿರುಗಿ ಒಂದೇ ಒಂದು ಪ್ರಶ್ನೆ ಕೇಳಬೇಕು, ಉತ್ತರ ಹೇಳಬಾರದು.

ಇದು ನಮ್ಮದೇ ದೊಡ್ಡ ಶೋಧ ಅಂತ ಅಂದುಕೊಂಡಿದ್ದೆ. ಕಾಲೇಜಿಗೆ ಬಂದ ಮೇಲೆ ಲೈಬ್ರರಿಯಲ್ಲಿ ಜಾರ್ಜ್ ಪೋಲ್ಯ ಎನ್ನುವ ಗಣಿತಜ್ಞ 1945ರಲ್ಲಿ ಬರೆದ ‘ಹೌ ಟು ಸಾಲ್ವ್ ಇಟ್’ ಸಿಕ್ಕಿತು. ಲೆಕ್ಕವನ್ನು ಅರ್ಥ ಮಾಡಿಕೋ, ದಾರಿ ಯೋಚಿಸು, ಮಾಡು, ಮಾಡಿದ್ದನ್ನು ತಿರುಗಿ ನೋಡು, ಈ ನಾಲ್ಕು ಹೆಜ್ಜೆ ಅವರದ್ದು. ನಾನು ತಂಗಿಗೆ ಕಳಿಸ್ತಿದ್ದದ್ದು ಮೂರನೆಯ ಹೆಜ್ಜೆ ಮಾತ್ರ. ಕಂಪ್ಯೂಟರ್ ಸೈನ್ಸಿನವರಿಗೆ ಇನ್ನೊಂದು ಗೊತ್ತಿರ್ತದೆ, ರಬ್ಬರ್ ಡಕ್ ಡಿಬಗ್ಗಿಂಗ್. ಕೋಡ್ ಕೆಲಸ ಮಾಡದಿದ್ದರೆ ಮೇಜಿನ ಮೇಲೆ ಇಟ್ಟ ರಬ್ಬರ್ ಬಾತುಕೋಳಿಗೆ ಒಂದೊಂದು ಸಾಲೂ ವಿವರಿಸುವುದು. ವಿವರಿಸುತ್ತಾ ಇರುವಾಗಲೇ ತಪ್ಪು ಎಲ್ಲಿದೆ ಅಂತ ಕಾಣ್ತದೆ. ಬಾತುಕೋಳಿ ಏನೂ ಹೇಳುವುದಿಲ್ಲ, ಅದೇ ಅದರ ಉಪಕಾರ. ಐದು ನಿಮಿಷದಲ್ಲಿ ಉತ್ತರ ಕಳಿಸುವ ಅಣ್ಣನಿಗಿಂತ ಅದು ಎಷ್ಟೋ ವಾಸಿ.

ಪದಗಳ ಡೈರಿಗೆ ಮತ್ತೂ ಒಂದು ಕಡೆಯಿಂದ ಸಹಾಯ ಸಿಕ್ಕಿತು. ಚಿಕ್ಕಪ್ಪನ ಅಟ್ಟದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ದ ಹಳೆ ಸಂಚಿಕೆಗಳ ಒಂದು ಕಟ್ಟು ಇತ್ತು. ಅದರಲ್ಲಿ ಅಡ್ಯನಡ್ಕ ಕೃಷ್ಣ ಭಟ್ಟರ ಹೆಸರು ನೋಡಿದೆ. ಅಡ್ಯನಡ್ಕ ಅಂದರೆ ನಮ್ಮ ಬಂಟ್ವಾಳ ತಾಲೂಕು. ನಮ್ಮ ತಾಲೂಕಿನಿಂದಲೇ ಬಂದ ಒಬ್ಬ ಫಿಸಿಕ್ಸ್ ಮೇಷ್ಟ್ರು ಇಷ್ಟೆಲ್ಲ ಕನ್ನಡದಲ್ಲಿ ಬರೆದಿದ್ದಾರೆ ಅಂತ ಎಸ್ಸೆಸ್ಸೆಲ್ಸಿ, ಪಿಯುಸಿ, ಇಂಜಿನಿಯರಿಂಗ್ ಫಸ್ಟ್ ಇಯರ್ ಮುಗಿಸಿದ ನನಗೆ ಗೊತ್ತೇ ಇರಲಿಲ್ಲ. ಕನ್ನಡದಲ್ಲಿ ಫಿಸಿಕ್ಸ್ ಹೇಳುವುದು ಅಂದರೆ ಇಂಗ್ಲಿಷ್ ಬಾರದವರಿಗೆ ಅಂತ ತಿಳಿದುಕೊಂಡಿದ್ದೆ. ಈಗ ಅನಿಸುವುದು, ಅದು ನನ್ನಂಥವರಿಗೂ ಒಂದು ಪರೀಕ್ಷೆ ಅಂತ. ಇಂಗ್ಲಿಷಿನಲ್ಲಿ ‘ನೆಟ್ ಫೋರ್ಸ್ ಈಸ್ ಝೀರೋ’ ಅಂತ ಬರೆದು ಅರ್ಥ ಆಗದೆಯೂ ದಾಟಿಬಿಡಬಹುದು. ಬಾವಿಕಟ್ಟೆಯ ಮೇಲೆ ಕೂತ ಹುಡುಗಿಗೆ ಮನೆಮಾತಿನಲ್ಲಿ ಹೇಳುವಾಗ ದಾಟಲು ಆಗುವುದಿಲ್ಲ.

ಈಗಿನ ಸ್ಥಿತಿ ಹೇಳಿಬಿಡ್ತೇನೆ, ಸಿನಿಮಾದ ಹಾಗೆ ಏನೂ ಆಗಲಿಲ್ಲ. ಮುಂದಿನ ಟೆಸ್ಟಿನಲ್ಲಿ ಅವಳಿಗೆ 25ಕ್ಕೆ 13. ಇಳಿಜಾರಿನ ಲೆಕ್ಕದಲ್ಲಿ ಸೈನ್ ಹಾಕುವಲ್ಲಿ ಕಾಸ್ ಹಾಕಿ ನಾಲ್ಕು ಮಾರ್ಕ್ ಹೋಯ್ತು. ಆದರೆ ಹೋಮ್‌ವರ್ಕ್ ಪುಸ್ತಕದಲ್ಲಿ ಈಗ ಕೆಂಪು ಗೆರೆಗಳೂ ಇವೆ. ಅದು ಅವಳದ್ದೇ ಪುಸ್ತಕ ಅನ್ನುವುದಕ್ಕೆ ಸಾಕ್ಷಿ. ಲೆಕ್ಚರರಿಗೆ ಹೋಗಿ ಪದಗಳ ಡೈರಿ ತೋರಿಸಿದಳಂತೆ. ಅವರು ಅದನ್ನು ಕ್ಲಾಸಿನಲ್ಲಿ ಎಲ್ಲರಿಗೂ ಓದಿ ಹೇಳಿದರಂತೆ. ‘ಲೈಟ್ ಸ್ಟ್ರಿಂಗ್’ ಬಂದಾಗ ಇನ್ನೂ ನಾಲ್ಕೈದು ಜನ ‘ಓ’ ಅಂದರಂತೆ. ನಗಲಿಲ್ಲವಂತೆ. ಕಾಮರ್ಸಿನ ಮಾತು ಈಗ ಇಲ್ಲ, ಬರುವ ವರ್ಷ ಬಂದರೆ ಬರಲಿ, ಅದು ಅವಳ ಇಷ್ಟ.

ನನ್ನ ಕಥೆ? ಲ್ಯಾಬ್ ರೆಕಾರ್ಡ್ ಈಗಲೂ ಒಮ್ಮೊಮ್ಮೆ ಪಕ್ಕದ ರೂಮಿನಿಂದ ತಂದು ಬರೆಯುತ್ತೇನೆ, ಪೂರ್ತಿ ಸುಧಾರಿಸಿಲ್ಲ. ಆದರೆ ಮೊಬೈಲಿನ ಎಐಗೆ ಪ್ರಶ್ನೆ ಹಾಕುವ ಮೊದಲು ಚಿಕ್ಕಮ್ಮನ ಸ್ವರ ಕೇಳ್ತದೆ. ಇದು ನನಗೆ ಹೇಳಿಕೊಡುವುದಾ, ಮಾಡಿಕೊಡುವುದಾ? ಕೇಳುವ ರೀತಿಯಲ್ಲೇ ಅರ್ಧ ಇದೆ. ‘ಇದನ್ನು ಮಾಡು’ ಅಂದರೆ ಮಾಡಿಕೊಡ್ತದೆ. ‘ನಾನು ಇಲ್ಲಿವರೆಗೆ ಬಂದೆ, ಮುಂದೆ ಒಂದು ಸುಳಿವು ಮಾತ್ರ ಕೊಡು’ ಅಂದರೆ ಅದೂ ಆಗ್ತದೆ. ಮನುಷ್ಯರ ಹತ್ತಿರ ಕೇಳುವಾಗಲೂ ಹಾಗೆಯೇ.

ಈ ಲೇಖನ ಬರೆಯಲು ಕೂತ ರಾತ್ರಿ ತಂಗಿಯಿಂದ ಒಂದು ವಾಯ್ಸ್ ಮೆಸೇಜ್ ಬಂತು, ಎರಡು ನಿಮಿಷದ್ದು. ಊಟದ ತಟ್ಟೆ ತೊಳೆದು ಬಂದು ಕೇಳೋಣ ಅಂತ ಹೋದೆ. ಬಂದು ನೋಡಿದರೆ ಮೆಸೇಜ್ ಡಿಲೀಟ್ ಆಗಿತ್ತು. ಕೆಳಗೆ ಬರೆದಿದ್ದಳು: ‘ಹೇಳ್ತಾ ಹೇಳ್ತಾ ಗೊತ್ತಾಯ್ತು ಅಣ್ಣ. ಮಲಗ್ತೇನೆ.’

ಈಗೀಗ ವಾರಕ್ಕೆ ಎರಡು ಮೂರು ಮೆಸೇಜ್ ಹೀಗೆ ಡಿಲೀಟ್ ಆಗ್ತವೆ. ಕೈ ಮುಗಿಯುವ ಇಮೋಜಿ ಬರುವುದು ಕಮ್ಮಿ ಆಗಿದೆ.

ಕೊನೆಗೆ ಒಂದು ಕೋರಿಕೆ. ನಮ್ಮ ಕಾಲೇಜಿನಲ್ಲೂ ಕನ್ನಡ ಮೀಡಿಯಮ್ಮಿನಿಂದ ಬಂದವರು ಎಷ್ಟೋ ಜನ ಇದ್ದೀರಿ. ಫಸ್ಟ್ ಪಿಯುಸಿಯಲ್ಲಿ ನಿಮ್ಮನ್ನು ಮೋಸ ಮಾಡಿದ ‘ಲೈಟ್’, ‘ಯೂನಿಫಾರ್ಮ್’ ಥರದ ಪದಗಳು ಇದ್ದರೆ ಕನ್ನಡ ಸಂಘಕ್ಕೆ ಬರೆದು ಕೊಡಿ. ತಂಗಿಯ ಡೈರಿಯಲ್ಲಿ ಇನ್ನೂ ಖಾಲಿ ಪುಟಗಳಿವೆ.